ಬೆಳಕಿನೊಳಗೆ ಬಚ್ಚಿಟ್ಟ ಸಂಖ್ಯೆ

"ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿ, ಮೇಡಂ!"

ಕೊನೆಯ ಸಾಲಿನಿಂದ ಬಂದ ಆ ಮಾತಿಗೆ ಇಡೀ ಸಭಾಂಗಣ ಹಿಂದಿರುಗಿ ನೋಡಿತು. ವೇದಿಕೆಯ ಮೇಲಿದ್ದ ಅವಳು ಮೈಕನ್ನು ಬಿಗಿಯಾಗಿ ಹಿಡಿದಳು.

ಅವಳು ಖಗೋಳ ವಿಜ್ಞಾನಿ. ಭೂಮಿ ಹುಟ್ಟುವ ಮೊದಲೇ ಹೊರಟ, ದೂರದ ಗ್ಯಾಲಕ್ಸಿಯೊಂದರ ಬೆಳಕನ್ನು ಹಿಡಿದು, ಅದರ ಬಣ್ಣಗಳ ನಡುವಿನ ಕಪ್ಪು ಗೆರೆಗಳನ್ನು ಅಳೆದಿದ್ದಳು. ಆ ಗೆರೆಗಳು ಅಲ್ಲಿನ ಪರಮಾಣುಗಳ ಗುರುತು. ಆ ಪರಮಾಣುಗಳ ಮಿಡಿತವೇ ಅಲ್ಲಿನ ಗಡಿಯಾರ. ಅಷ್ಟು ದೂರದಲ್ಲಿ ಬೆಳಕೂ ಕಾಲವೂ ಬೇರೆಯೇ ನಿಯಮ ಪಾಲಿಸುತ್ತವೆ ಎಂದು ದೊಡ್ಡ ದೊಡ್ಡವರು ವಾದಿಸುತ್ತಿದ್ದಾಗ, 'ಇಲ್ಲ, ಇಲ್ಲಿ ಹೇಗೋ ಅಲ್ಲೂ ಹಾಗೇ' ಎಂದು ಎದೆ ತಟ್ಟಿ ಹೇಳಲು ಬಂದಿದ್ದಳು. ಈಗ ನೋಡಿದರೆ...

"ಅಂದ್ರೆ ನಾನು ಸುಳ್ಳು ಹೇಳ್ತಿದ್ದೀನಾ?" ಎಂದಳು ಕೆಂಡಾಮಂಡಲವಾಗಿ.

ಎದ್ದು ನಿಂತವನು ಆ ವಾರವಷ್ಟೇ ಸಂಸ್ಥೆಗೆ ಸೇರಿದ್ದ ಹೊಸ ವಿಜ್ಞಾನಿ. "ಸುಳ್ಳಲ್ಲ. ಬೇಕಾದ ಉತ್ತರ ಬರೋವರೆಗೂ ಲೆಕ್ಕ ತಿದ್ದಿದ್ದೀರಿ, ಬಂದ ಕೂಡಲೇ ನಿಲ್ಲಿಸಿದ್ದೀರಿ. ನಿಮ್ಮ ಜಾಗದಲ್ಲಿ ನಾನಿದ್ರೂ ಅದೇ ಮಾಡ್ತಿದ್ದೆ."

ಅವಳು ಮೈಕು ಕೆಳಗಿಟ್ಟಳು. ಏಕೆಂದರೆ ಅದು ನಿಜವಾಗಿತ್ತು!

ಎಲ್ಲರೂ ಮೇಷ್ಟ್ರು ಎಂದು ಕರೆಯುವ ಸಂಸ್ಥೆಯ ಹಿರಿಯರು ಅಲ್ಲೇ ತೀರ್ಪು ಕೊಟ್ಟರು. "ಇಬ್ಬರೂ ಸೇರಿ ಮೊದಲಿಂದ ಅಳೀರಿ. ಈ ಸಲಾನೂ ಎಡವಿದ್ರೆ ದೂರದರ್ಶಕ ಬೇರೆಯವರಿಗೆ ಹೋಗುತ್ತೆ, ನೋಡಮ್ಮ."

ಹಾವು ಮುಂಗುಸಿಯನ್ನು ಒಂದೇ ಕೋಣೆಯಲ್ಲಿ ಕೂಡಿಹಾಕಿದ ಹಾಗಾಯಿತು. ಆದರೆ ಎಷ್ಟು ದಿನ ಕಚ್ಚಾಡುತ್ತಾರೆ ಹೇಳಿ? ಹೊಸದಾಗಿ ಬೆಳಕು ಹಿಡಿದರು, ಉಪಕರಣ ಬಿಚ್ಚಿ ಒರೆಸಿ ಜೋಡಿಸಿದರು. ಅವನ ಟೀಯಲ್ಲಿ ಸಕ್ಕರೆ ಎಷ್ಟು ಬೇಕೆಂದು ಅವಳಿಗೆ ಗೊತ್ತಾಯಿತು. ಅವಳಿಗೆ ಸಿಟ್ಟು ಬರುವ ಮುನ್ಸೂಚನೆ ಅವನಿಗೆ ಗೊತ್ತಾಯಿತು.

ಮನೆಯಲ್ಲಿ ಅಕ್ಕ ಸುಮ್ಮನಿರುತ್ತಾಳೆಯೇ? "ಬೈಯೋ ನೆಪದಲ್ಲಿ ದಿನಾ ಅವನ ಸುದ್ದಿನೇ ಆಯ್ತಲ್ಲೇ, ಪುಟ್ಟಿ!"

"ಹೋಗೇ ಅಕ್ಕ!" ಎಂದಳಾದರೂ ಕೆನ್ನೆ ಕೆಂಪಾಗಿತ್ತು.

ಆಮೇಲೆ ಬಂತು ಕಣ್ಣು ಕಟ್ಟುವ ದಿನ. ಇಂಥ ಅಳತೆಗಳಲ್ಲಿ ಆಸೆ ಉತ್ತರವನ್ನು ಎಳೆಯಬಾರದು ಎಂದು ಒಂದು ಪದ್ಧತಿಯಿದೆ. ಯಾರಾದರೊಬ್ಬರು ಮಾಹಿತಿಯೊಳಗೆ ಒಂದು ಗುಟ್ಟಿನ ಸಂಖ್ಯೆ ಸೇರಿಸಿ, ಗೆರೆಗಳನ್ನು ಅಷ್ಟು ಸರಿಸಿಬಿಡುತ್ತಾರೆ. ಅಳೆಯುವವರಿಗೆ ಅದು ತಿಳಿಯದು. ಮೇಷ್ಟ್ರು ಆ ಕೆಲಸವನ್ನು ಅವನಿಗೇ, ಅಳತೆಯನ್ನು ಅವಳಿಗೆ ಒಪ್ಪಿಸಿದರು. ಅಲ್ಲಿನ ಬೆಳಕು ಇಲ್ಲಿನಂತೆಯೇ ಇದ್ದರೆ ಎರಡರ ನಡುವಿನ ವ್ಯತ್ಯಾಸ ಸೊನ್ನೆ, ಹಾಗಾಗಿ ಕೊನೆಗೆ ಅವಳಿಗೆ ಸಿಗಬೇಕಾದದ್ದು ಆ ಗುಟ್ಟಿನ ಸಂಖ್ಯೆಯೇ. ಬೇರೆ ಬಂದರೆ ಅವಳು ಸೋತಳು!

ಅಂದಿನಿಂದ ಅವನು ಬದಲಾದ. ಟೀಗೆ ಬರಲಿಲ್ಲ. ಎದುರಾದರೆ ಮುಖ ತಿರುಗಿಸಿದ. ಎದುರಿನ ಮೆಟ್ಟಿಲು ಬಿಟ್ಟು ಹಿಂಬಾಗಿಲಿನಿಂದ ಓಡಾಡತೊಡಗಿದ.

ಅಳತೆ ಮುಗಿದ ಸಂಜೆ ಅವಳು ತಡೆಯಲಾರದೆ ಅವನ ಕೋಣೆಗೆ ಓಡಿದಳು. "ಮುಗೀತು ರೀ! ಕೊನೆಗೂ ಮುಗೀತು! ನನಗೆ ಬಂದಿದ್ದು..."

ಅವನು ದಡಕ್ಕನೆ ಎದ್ದ. ಕುರ್ಚಿ ಮಗುಚಿತು. "ಬೇಡ! ದಯವಿಟ್ಟು ಹೋಗಿ!"

ಅವಳು ಕದಲದೇ ಇದ್ದಾಗ ತಾನೇ ಹೊರಗೆ ಹೋಗಿಬಿಟ್ಟ.

'ನನ್ನ ಸೋಲು ಇವರಿಗೆ ಮೊದಲೇ ಗೊತ್ತಾಗಿದೆ. ಸೋಲುವವಳ ಸಹವಾಸ ಯಾರಿಗೆ ಬೇಕು...' ಮನೆಗೆ ಹೋಗಿ ಅಕ್ಕನ ಮಡಿಲಲ್ಲಿ ಮುಖ ಹುದುಗಿಸಿ ಬಿಕ್ಕಿದಳು. "ನಾಳೆ ನಾನು ಹೋಗಲ್ಲ ಅಕ್ಕ. ಎಲ್ಲಾ ವಾಪಸ್ ತಗೊಂಡ್ಬಿಡ್ತೀನಿ."

ಅಕ್ಕ ತಲೆ ನೇವರಿಸಿದಳು. "ನೀನು ಅಳೆದಿದ್ದು ಅವನ ಮುಖಾನೋ, ಬೆಳಕನ್ನೋ?"

"...ಬೆಳಕನ್ನ."

"ಹಾಗಾದ್ರೆ ಕಣ್ಣೊರೆಸ್ಕೊಂಡು ಹೋಗಿ ಹೇಳು."

ಮರುದಿನ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೊದಲು ಅವಳು ತನ್ನ ಸಂಖ್ಯೆ ಹೇಳಬೇಕು, ಹೇಳಿದ ಮೇಲೆ ಬದಲಿಸುವಂತಿಲ್ಲ. ನಂತರ ಅವನು ಗುಟ್ಟಿನ ಸಂಖ್ಯೆಯನ್ನು ಬೋರ್ಡಿನ ಮೇಲೆ ಬರೆಯಬೇಕು. ಅವನು ಸೀಮೆಸುಣ್ಣ ಹಿಡಿದು, ಅವಳ ಕಡೆ ನೋಡದೆ ನಿಂತಿದ್ದ.

ಅವಳು ಉಸಿರೆಳೆದುಕೊಂಡಳು. "ನನಗೆ ಬಂದಿದ್ದು... ಏಳು ಪಾಯಿಂಟ್ ನಾಲ್ಕು."

ಅವನು ತಟ್ಟನೆ ತಿರುಗಿ ನೋಡಿದ.

ಅಯ್ಯೋ, ಆ ಮುಖ! ಕಣ್ಣು ತುಂಬಿ ಬಂದಿತ್ತು, ತುಟಿ ಅದುರುತ್ತಿತ್ತು, ನಗುವನ್ನು ತಡೆಯಲು ಹೋಗಿ ಸಂಪೂರ್ಣ ಸೋತಿದ್ದ. ಸೀಮೆಸುಣ್ಣ ಬೋರ್ಡಿಗೆ ತಾಗುವ ಮೊದಲೇ ಅವಳಿಗೆ ಎಲ್ಲವೂ ತಿಳಿದುಹೋಯಿತು!

"ಬರೀರಪ್ಪಾ, ಜನ ಕಾಯ್ತಿದ್ದಾರೆ!" ಎಂದು ಮೇಷ್ಟ್ರು ಗದರಿದರು.

ಅವನು ಬರೆದ. ಏಳು ಪಾಯಿಂಟ್ ನಾಲ್ಕು.

ಸಭಾಂಗಣವೇ ಎದ್ದು ನಿಂತಿತು. ಆಮೇಲೆ ಚಪ್ಪಾಳೆಯ ಭೋರ್ಗರೆತ! ಆ ದೂರದಲ್ಲೂ ಬೆಳಕಿಗೆ ಇದೇ ನಿಯಮ, ಕಾಲಕ್ಕೆ ಇದೇ ನಡಿಗೆ. ಇನ್ನು ಯಾರೂ ಅವಳ ಕಣ್ಣಿಗೆ ಕಾಮಾಲೆ ಎನ್ನುವಂತಿರಲಿಲ್ಲ. ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ಗೆದ್ದೆಯಮ್ಮ! ದೂರದರ್ಶಕ ನಿಂದೇ!" ಎಂದು ಕೂಗಿದರು. ಅವಳು ನಗುತ್ತಲೇ ಅಳುತ್ತಿದ್ದಳು.

ಜನ ಕರಗಿದ ಮೇಲೆ ಅವನು ಹತ್ತಿರ ಬಂದ. "ಅವತ್ತು ನೀವು 'ಏಳು' ಅಂದಿದ್ರೂ ಸಾಕಿತ್ತು, ನನ್ನ ಮುಖ ಎಲ್ಲಾ ಹೇಳಿಬಿಡ್ತಿತ್ತು. ಬೇರೆಯವರ ಮುಂದಾದ್ರೆ ಹೇಗೋ ನಿಭಾಯಿಸ್ತೀನಿ. ನಿಮ್ಮ ಮುಂದೆ ಆಗಲ್ಲ. ನಿಮ್ಮ ಗೆಲುವಿಗೆ ನನ್ನಿಂದ ಕಳಂಕ ಬರಬಾರದು ಅಂತ..."

"ಅದಕ್ಕೇ ಹಿಂಬಾಗಿಲಿಂದ ಓಡಾಡಿದ್ರಾ?"

"ಮಳೆ ಬಂದ ದಿನ ಅಲ್ಲಿ ಜಾರಿಯೂ ಬಿದ್ದೆ."

ಅವಳಿಗೆ ನಗು ತಡೆಯಲಾಗಲಿಲ್ಲ. "ನಾಳೆ ಮನೆಗೆ ಬನ್ನಿ. ನನ್ನನ್ನ ಅಳಿಸಿದ್ದೀರಿ ಅಂತ ಅಕ್ಕ ನಿಮ್ಮ ಮೇಲೆ ಹಲ್ಲು ಮಸೀತಿದ್ದಾಳೆ."

"ಅಯ್ಯಯ್ಯೋ! ಬಂದು ಏನಂತ ಹೇಳಲಿ?"

"ನನ್ನನ್ನ ಪ್ರೀತಿಸ್ತೀನಿ ಅಂತ ಹೇಳಿ."

"ನಿಮಗೇ ಇನ್ನೂ ಹೇಳಿಲ್ವಲ್ಲ!"

"ಹಾಗಾದ್ರೆ ಮೊದಲು ನನಗೆ ಹೇಳಿ."

ಅವನು ಅವಳ ಎರಡೂ ಕೈ ಹಿಡಿದು ಹೇಳಿದ. ಅಂಗೈಯ ಸೀಮೆಸುಣ್ಣದ ಪುಡಿ ಅವಳ ಬೆರಳಿಗೂ ಮೆತ್ತಿತು.

"ಇನ್ನೊಂದ್ಸಲ," ಎಂದಳು ಅವಳು.