ರಬ್ಬರ್ ಇಲ್ಲದ ಕೋಣೆ

"ಅಕ್ಕಾ, ಬೇಗ ರಬ್ಬರ್ ಕೊಡಿ. ಅಜ್ಜಿ ಕೈ ಹಾಳಾಗೋಯ್ತು" ಎಂದಳು ಚೂಟಿ.

"ಈ ರೂಮಲ್ಲಿ ರಬ್ಬರ್ ಇಲ್ಲ ಪುಟ್ಟಾ" ಎಂದಳು ಬಣ್ಣದಕ್ಕ.

ಚೂಟಿ ನಂಬಲಿಲ್ಲ. ಡಬ್ಬಿಗಳನ್ನೆಲ್ಲ ತಡಕಿದಳು. ಕ್ರೇಯಾನ್, ಪೆನ್ಸಿಲ್, ಬ್ರಷ್, ಜೇಡಿಮಣ್ಣು ಎಲ್ಲ ಇತ್ತು. ರಬ್ಬರ್ ಮಾತ್ರ ಇರಲಿಲ್ಲ. ಚಿತ್ರ ಬಿಡಿಸುವ ಜಾಗದಲ್ಲಿ ರಬ್ಬರ್ ಇಲ್ಲವೆಂದರೆ ಅಡುಗೆಮನೆಯಲ್ಲಿ ಉಪ್ಪಿಲ್ಲದ ಹಾಗೆ.

ಅದು ಆಸ್ಪತ್ರೆಯ ಹಿಂಬದಿಯ ಒಂದು ಕೋಣೆ. ಹೆದರಿದವರು, ಮನಸ್ಸಿಗೆ ನೋವಾದವರು ಅಲ್ಲಿಗೆ ಬಂದು ಚಿತ್ರ ಬಿಡಿಸುತ್ತಿದ್ದರು. ಅವರ ಕೈಯಲ್ಲಿ ಚಿತ್ರ ಬಿಡಿಸುತ್ತಿದ್ದವಳನ್ನು ಮಕ್ಕಳೆಲ್ಲ ಬಣ್ಣದಕ್ಕ ಎಂದೇ ಕರೆಯುತ್ತಿದ್ದರು. ಚೂಟಿಯನ್ನು ಅಲ್ಲಿಗೆ ತಂದದ್ದು ಲಿಫ್ಟಿನ ಹೆದರಿಕೆ.

ಚೂಟಿಯ ಮನೆ ಆರನೇ ಮಹಡಿಯಲ್ಲಿತ್ತು. ಹೋದ ತಿಂಗಳು ಅವಳೂ ಅಜ್ಜಿಯೂ ಪಾರ್ಕಿಗೆ ಹೊರಟಾಗ ಕರೆಂಟ್ ಹೋಗಿ ಲಿಫ್ಟು ನಡುವೆಯೇ ನಿಂತುಬಿಟ್ಟಿತ್ತು. ಕಣ್ಣು ಬಿಟ್ಟರೂ ಕತ್ತಲೆ, ಮುಚ್ಚಿದರೂ ಕತ್ತಲೆ. ಯಾರೋ ಬಂದು ಬಾಗಿಲು ತೆಗೆಯುವಷ್ಟರಲ್ಲಿ ಚೂಟಿಯ ಗಂಟಲು ಕಿರುಚಿ ಕಿರುಚಿ ಕಟ್ಟಿಹೋಗಿತ್ತು. ಅಂದಿನಿಂದ ಲಿಫ್ಟಿನ ಹತ್ತಿರ ಹೋದರೆ ಸಾಕು, ಹೊಟ್ಟೆಯೊಳಗೆ ಬಟ್ಟೆ ಹಿಂಡಿದಂತಾಗುತ್ತಿತ್ತು. ಶಾಲೆಗೆ ಹೋಗಲು, ಬರಲು ಮೆಟ್ಟಿಲೇ ಗತಿ.

ಮೆಟ್ಟಿಲು ಹತ್ತುವುದೇನು, ಚೂಟಿಗೆ ನೀರು ಕುಡಿದಷ್ಟು ಸುಲಭ. ಆದರೆ ಅಜ್ಜಿಗೆ ಮಂಡಿನೋವು. ಸಂಜೆಯಿಡೀ ಪಾರ್ಕಿನಲ್ಲಿ ಗೆಳತಿಯರ ಜೊತೆ ಹರಟುತ್ತಿದ್ದ ಅಜ್ಜಿ ಈಗ ಕಿಟಕಿಯ ಪಕ್ಕ ಸುಮ್ಮನೆ ಕೂರುತ್ತಿದ್ದಳು. ಅಮ್ಮ ಲಿಫ್ಟಿನಲ್ಲಿ ಕರೆದೊಯ್ಯುತ್ತೇನೆಂದರೂ "ಬೇಡ ಕಣೇ, ಮಂಡಿ ನೋಯ್ತಿದೆ" ಎನ್ನುತ್ತಿದ್ದಳು. ತಾನು ಲಿಫ್ಟಿಗೆ ಬರುವುದಿಲ್ಲ ಎಂದೇ ಅಜ್ಜಿ ಈ ನೆಪ ಹೇಳುತ್ತಿದ್ದಾಳೆ ಎಂದು ಚೂಟಿಗೆ ಸಂಕಟ. ಏನೇ ಆಗಲಿ, ಅಜ್ಜಿಯನ್ನು ಪಾರ್ಕಿಗೆ ಕರೆದುಕೊಂಡು ಹೋಗಿಯೇ ಸೈ ಎಂದು ಅವಳು ಹಟ ತೊಟ್ಟಿದ್ದಳು.

ಮೊದಮೊದಲು ಅವಳು ಬಣ್ಣದಕ್ಕನ ಕೋಣೆಯಲ್ಲಿ ಬೆಟ್ಟ, ಸೂರ್ಯ, ಹಂಸ ಬಿಡಿಸಿದಳು. ಶಾಲೆಯಲ್ಲಿ ಫಸ್ಟ್ ಪ್ರೈಜ್ ತಂದ ಚಿತ್ರ ಅದು. ಕಣ್ಣು ಮುಚ್ಚಿಯೂ ಬಿಡಿಸಬಲ್ಲಳು, ರಬ್ಬರ್ ಯಾಕೆ ಬೇಕು?

"ಎಷ್ಟು ಮಾರ್ಕ್ಸ್ ಅಕ್ಕಾ?"

"ಇಲ್ಲಿ ಮಾರ್ಕ್ಸ್ ಇಲ್ಲ."

"ಮತ್ತೆ ಹೆದರಿಕೆ ಹೇಗೆ ಹೋಗುತ್ತೆ?"

"ಹೋಗು ಅಂದ್ರೆ ಅದು ಹೋಗಲ್ಲ. ಒಂದ್ಸಲ ಪೇಪರ್ ಮೇಲೆ ಕೂರಿಸಿ ಅದರ ಮುಖ ನೋಡು. ಬೇಡ ಅನ್ಸಿದ್ರೆ ಅಲ್ಲಿಗೇ ನಿಲ್ಲಿಸಿಬಿಡು."

ಹಾಗಾಗಿ ಇಂದು ಚೂಟಿ ಲಿಫ್ಟನ್ನು ಬಿಡಿಸಿದ್ದಳು. ಸ್ಕೇಲ್ ಇಟ್ಟು ಗೆರೆ, ಸಾಲಾಗಿ ಬಟನ್. "ಒಳಗೆ ಯಾರೂ ಇರ್ಲಿಲ್ವಾ?" ಎಂದು ಬಣ್ಣದಕ್ಕ ಕೇಳಿದಾಗ ಎದ್ದು ಹೋಗಿಬಿಡೋಣ ಅನಿಸಿತು. ಆದರೂ ಹಲ್ಲು ಕಚ್ಚಿ ಕೂತು ಮೂಲೆಯಲ್ಲಿ ತನ್ನನ್ನು ಬಿಡಿಸಿದಳು, ಪಕ್ಕದಲ್ಲಿ ಅಜ್ಜಿಯನ್ನು ಬಿಡಿಸಿದಳು. ತನ್ನ ಕೈ ಹಿಡಿದ ಅಜ್ಜಿಯ ಕೈ ಬಿಡಿಸುವಾಗ ಪೆನ್ಸಿಲ್ ನಡುಗಿ ಗೆರೆಯೆಲ್ಲ ಅಂಕುಡೊಂಕಾಗಿತ್ತು.

ರಬ್ಬರ್ ಇಲ್ಲದ ಮೇಲೆ ಇನ್ನೇನು ಮಾಡುವುದು? ಚೂಟಿ ಆ ಗೆರೆಯನ್ನೇ ನೋಡುತ್ತ ಕೂತಳು. ನೋಡುತ್ತ ನೋಡುತ್ತ ಅವಳಿಗೆ ಒಂದು ಸದ್ದು ನೆನಪಾಯಿತು. ಅಂದು ಕತ್ತಲೆಯಲ್ಲಿ ಅಜ್ಜಿಯ ಬಳೆಗಳು ಒಂದೇ ಸಮ ಟಿಣಿಟಿಣಿ ಎನ್ನುತ್ತಿದ್ದವು.

"ಅಕ್ಕಾ, ರಬ್ಬರ್ ಬೇಡ. ಅಜ್ಜಿ ಕೈ ಹೀಗೇ ಇತ್ತು" ಎಂದಳು.

ಮನೆಗೆ ಬಂದವಳೇ ಅಜ್ಜಿಯ ಮುಂದೆ ಚಿತ್ರ ಹರಡಿದಳು. ಅಜ್ಜಿ ಕನ್ನಡಕ ಏರಿಸಿದಳು.

"ನನ್ನ ಕೈ ಯಾಕೆ ಹಿಂಗಿದೆ? ಹುಳ ಹರಿದ ಹಾಗೆ."

"ಅವತ್ತು ನಿನ್ನ ಬಳೆ ಸದ್ದು ಮಾಡ್ತಾನೇ ಇತ್ತು ಅಜ್ಜಿ."

ಅಜ್ಜಿ ಕಿಟಕಿಯ ಕಡೆ ತಿರುಗಿಕೊಂಡಳು.

"ಮಂಡಿನೋವು ಸುಳ್ಳಲ್ಲ ಕಣೇ" ಎಂದಳು. "ಹೆದರಿಕೇನೂ ಸುಳ್ಳಲ್ಲ. ನಾನೇ ಹೆದರಿದೀನಿ ಅಂತ ಗೊತ್ತಾದ್ರೆ ನೀನು ಇನ್ನೂ ಹೆದರ್ತೀಯ ಅಂತ ಬಾಯಿ ಮುಚ್ಕೊಂಡಿದ್ದೆ."

ಚೂಟಿಗೆ ಅಜ್ಜಿಯ ಮೇಲೆ ಎಂದೂ ಇಲ್ಲದಷ್ಟು ಪ್ರೀತಿ ಬಂತು. ಕ್ರೇಯಾನ್ ತಂದು ಅವಳ ಕೈಗಿಟ್ಟಳು. "ನೀನೂ ಬಿಡಿಸು."

"ನನಗೆಲ್ಲಿ ಚಿತ್ರ ಬರುತ್ತೆ? ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ."

"ಮಾರ್ಕ್ಸ್ ಇಲ್ಲ ಅಜ್ಜಿ, ಬಿಡಿಸು."

ಅಜ್ಜಿ ಲಿಫ್ಟಿನೊಳಗೆ ತಟ್ಟೆಯಷ್ಟು ದೊಡ್ಡ ಸೊನ್ನೆ ಹಾಕಿದಳು.

"ಏನಿದು?"

"ನಿನ್ನ ಬಾಯಿ. ಅವತ್ತು ಇಷ್ಟು ದೊಡ್ಡದಾಗಿತ್ತು. ನನ್ನ ಕಿವಿ ಇನ್ನೂ ಗುಂಯ್ ಅಂತಿದೆ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತ ನಗುತ್ತ ಅಜ್ಜಿ ಕಣ್ಣೊರೆಸಿಕೊಂಡಳು.

ಸಂಜೆ ಇಬ್ಬರೂ ಲಿಫ್ಟಿನ ಮುಂದೆ ನಿಂತರು.

"ಇವತ್ತು ಒಂದೇ ಫ್ಲೋರ್. ಐದರಲ್ಲಿ ಇಳಿದುಬಿಡೋಣ" ಎಂದಳು ಚೂಟಿ. ಅಜ್ಜಿ ಹೂಂ ಎಂದಳು.

ಬಾಗಿಲು ತೆರೆಯಿತು.

"ಹೆದರಿಕೆ ಆಗ್ತಿದೆ ಅಜ್ಜಿ."

"ನನಗೂ ಕಣೇ."

ಇಬ್ಬರೂ ಒಟ್ಟಿಗೆ ಒಳಗೆ ಕಾಲಿಟ್ಟರು. ಚೂಟಿಯೇ ಬಟನ್ ಒತ್ತಿದಳು. ಹೊಟ್ಟೆ ಹಿಂಡತೊಡಗಿತು. ಹಿಂಡಿದರೆ ಹಿಂಡಲಿ ಎಂದುಕೊಂಡಳು.

ಐದನೇ ಮಹಡಿ ಬಂತು. ಬಾಗಿಲು ತೆರೆಯಿತು. ಚೂಟಿ ಅಜ್ಜಿಯ ಮುಖ ನೋಡಿದಳು, ಅಜ್ಜಿ ಚೂಟಿಯ ಮುಖ ನೋಡಿದಳು. ಯಾರೂ ಇಳಿಯಲಿಲ್ಲ.

ಅಜ್ಜಿ ನಡುಗುವ ಕೈ ಚಾಚಿ ಎಲ್ಲಕ್ಕಿಂತ ಕೆಳಗಿನ ಬಟನ್ ಒತ್ತಿದಳು.