ದೊಣೆಯ ದಡದ ಕಲ್ಲು

2006ರ ಜೂನ್ 12. ಕಂಪ್ಲಿಯಿಂದ ಊರಿಗೆ ಮರಳಿದ ಮರುದಿನವೇ ಸಂಡೂರು ಠಾಣೆಗೆ ಬಂದ ಕರೆಮ್ಮ, ಯಾರೂ ಕೇಳುವ ಮೊದಲೇ ದೂರು ಶುರು ಮಾಡಿದಳು.

"ನಮ್ಮ ಹೊಲದ ಗಡಿಕಲ್ಲು ಜಾಗ ಬಿಟ್ಟು ಹೋಗೈತ್ರಿ ಸಾಹೇಬ್ರ."

ಇನ್ಸ್‌ಪೆಕ್ಟರ್ ಶಂಭುಲಿಂಗನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. "ಕಲ್ಲಿಗೆ ಕಾಲು ಬಂದಾವೇನು? ನೆಟ್ಟಗ ಹೇಳಬೇ."

"ಕಾಲು ಬಂದಿಲ್ರಿ. ಜೆಸಿಬಿ ಬಂದೈತಿ."

ಗಂಡ ಸತ್ತ ಮೇಲೆ ಆಕೆ ಕಂಪ್ಲಿಯ ಅಕ್ಕಿ ಗಿರಣಿಗೆ ದುಡಿಯಲು ಹೋಗಿದ್ದಳು. ಈ ಮುಂಗಾರಿಗೆ ಜೋಳ ಬಿತ್ತೋಣವೆಂದು ಮರಳಿದರೆ, ಹೊಲದ ಪಡುವಣ ಅಂಚಿನಲ್ಲಿದ್ದ ಬರಹದ ಕಲ್ಲು ಹೊಲದ ನಡುವೆ ನಿಂತಿತ್ತು. ಅದರಾಚೆಗಿನ ಅರ್ಧ ಹೊಲದ ಮೇಲೆ ಅದಿರು ಬಿದ್ದಿತ್ತು. ಆಕೆಗಿದ್ದದ್ದು ಅದೊಂದೇ ಹೊಲ.

ಅತಿಕ್ರಮ ಪ್ರವೇಶ, ಹಾನಿ ಎಂದು ಐಪಿಸಿ 447, 427ರಡಿ ಎಫ್‌ಐಆರ್ ದಾಖಲಾಯಿತು. ಶಂಭುಲಿಂಗ ಕರೆಮ್ಮನನ್ನೂ ಪೇದೆ ಗಾದಿಲಿಂಗಪ್ಪನನ್ನೂ ಜೀಪಿಗೆ ಹತ್ತಿಸಿಕೊಂಡು ಸ್ಥಳಕ್ಕೆ ಹೋದ.

ಪಕ್ಕದ ಹೊಲದ ಉಜ್ಜಿನಪ್ಪ ತನ್ನ ಜಮೀನನ್ನು ಅದಿರು ಯಾರ್ಡಿಗೆ ಬಾಡಿಗೆಗೆ ಕೊಟ್ಟು, ಅಲ್ಲೇ ಲಾರಿಗಳ ಉಸ್ತುವಾರಿಗೆ ನಿಂತಿದ್ದ. ತಲೆಗೆ ಹಳದಿ ಹೆಲ್ಮೆಟ್ಟು, ಕೊರಳಲ್ಲಿ ಸೀಟಿ.

"ಕಲ್ಲು ನಮ್ಮಪ್ಪನ ಕಾಲದಿಂದ ಇಲ್ಲೇ ಐತ್ರಿ. ಊರು ಬಿಟ್ಟು ಹೋದಾಕಿಗೇನು ಗೊತ್ತು?"

ಅಕ್ಕಪಕ್ಕದವರನ್ನು ಕೇಳಿದರೆ ಒಬ್ಬರೂ ಬಾಯಿ ಬಿಡಲಿಲ್ಲ. ಊರಿನಲ್ಲಿ ಲಾರಿಯ ಅನ್ನ ಉಣ್ಣದ ಮನೆಯೇ ಇರಲಿಲ್ಲ. ಸರ್ವೆ ನಕ್ಷೆಯಲ್ಲೂ 'ಬರಹದ ಕಲ್ಲೇ ಗಡಿ' ಎಂದಷ್ಟೇ ಇತ್ತು.

"ಹಂಪಿಯಿಂದ ಶಾಸನ ಓದೋರನ್ನ ಕರೆಸೋಣೇನ್ರಿ ಸರ?" ಎಂದ ಗಾದಿಲಿಂಗಪ್ಪ.

"ಅವ್ರು ಬರೋದ್ರಾಗ ಈಕಿ ಬಿತ್ತೋ ಹದ ಹೋಗ್ತತಿ. ನೀರು ತಗಂಬಾ."

ಕಲ್ಲು ತೊಳೆದು ಸೀಮೆಸುಣ್ಣ ತಿಕ್ಕಿದಾಗ ಅಕ್ಷರಗಳು ಎದ್ದವು. ಶಂಭುಲಿಂಗ ಒಂದೊಂದೇ ಅಕ್ಷರ ಕೂಡಿಸಿ ಓದಿದ: "ಯೀ ಕಲ್ಲು ದೊಣೆಯ ದಡದಲು ನೆಟ್ಟುದು. ಬೇಸಗೆಯಲು ಬತ್ತದ ದೊಣೆ. ದನಕರು ಇಳಿದು ಕುಡಿಯಲೆಂದು ಬಂಡೆಯಲಿ ಮೆಟ್ಟಿಲ ಕಡಿಸಿದುದು."

"ದೊಣೆ ಅಂದ್ರೇನಲೇ?"

"ದೊಣ್ಣೆ ಇರಬೇಕ್ರಿ ಸರ. ಕೆತ್ತಿದಾಂವ ತಪ್ಪ್ಯಾನ."

"ದೊಣ್ಣೆಗೆ ದಡ ಇರ್ತತೇನಲೇ, ತಲಿಗೇಡಿ! ದೊಣ್ಣೆ ಬತ್ತತತೇನು?"

ಗಾದಿಲಿಂಗಪ್ಪ ನಗು ನುಂಗಿದ. ಶಂಭುಲಿಂಗ ಕಲಿತ ಹಳ್ಳಿ ಶಾಲೆಯಲ್ಲಿ ನಿಘಂಟು ಇರಲಿಲ್ಲ. ಗೊತ್ತಿಲ್ಲದ ಪದ ಬಂದರೆ ಅದರ ಹಿಂದೆ ಮುಂದೆ ಇರುವ ಪದಗಳನ್ನೇ ವಿಚಾರಿಸು ಎನ್ನುತ್ತಿದ್ದರು ಮೇಷ್ಟ್ರು. ಅವನು ಮತ್ತೆ ಮೊದಲಿನಿಂದ ಓದಿದ.

"ದಡ ಐತಿ ಅಂದ್ರ ನೀರು. ದನ ಇಳೀತಾವ ಅಂದ್ರ ಬಾವಿ ಅಲ್ಲ. ಬಂಡೆದಾಗ ಮೆಟ್ಲು ಕಡ್ಸ್ಯಾರ ಅಂದ್ರ ಕೆರಿನೂ ಅಲ್ಲ. ಬಂಡೆದಾಗಿನ ಹೊಂಡ! ಇಲ್ಲಿ ಬಂಡೆ ಎಲ್ಲೈತಿ?"

ಕಲ್ಲು ನಿಂತಲ್ಲಿ ಬರೀ ಎರೆಮಣ್ಣು. ಪಡುವಲಿಗೆ, ಅದಿರಿನ ಗುಡ್ಡೆಯ ಬುಡದಲ್ಲಿ ಮಾತ್ರ ಬಂಡೆಯ ಒಂದು ಅಂಚು ಕಾಣುತ್ತಿತ್ತು.

"ಅಲ್ಲಿ ಹೊಂಡ ನೋಡಿದ್ದೇನಬೇ?"

"ಇಲ್ರಿ. ನಾ ಸೊಸಿಯಾಗಿ ಬಂದಾಗಿಂದ ಹೂಳು, ಜಾಲಿ ಕಂಟಿ ಅಷ್ಟ."

ಪಂಚರ ಎದುರು ಅದೇ ಜೆಸಿಬಿಯಿಂದ ಅದಿರು ಸರಿಸಿ, ಹೂಳು ತೆಗೆಸಲಾಯಿತು. ಬಂಡೆಯಲ್ಲಿ ಕಡಿದ ಮೆಟ್ಟಿಲು ಮೂಡಿತು. ಕೆಳಗಿನ ಮೆಟ್ಟಿಲಿನ ಸುತ್ತ ಕೆಂಪು ನೀರು ಜಿನುಗಿತು. ದಡದಲ್ಲಿ ಚೌಕದ ಕುಳಿಯೊಂದಿತ್ತು. ಕಲ್ಲನ್ನು ಕಿತ್ತು ತಂದು ಇಳಿಸಿದರೆ ಅದರ ಬುಡ ಕುಳಿಯೊಳಗೆ ಬಿಗಿಯಾಗಿ ಕೂತಿತು. ಪಂಚನಾಮೆ ಸಂಜೆ ನಾಲ್ಕಕ್ಕೆ ಮುಗಿಯಿತು.

"ನಾಳೆ ಕೂರಿಗಿ ಹೂಡ್ಲೇನ್ರಿ?" ಎಂದಳು ಕರೆಮ್ಮ.

"ಹೂಡಬೇ. ಅದಿರು ಬಿದ್ದ ಕಡೆ ಇವ್ರ ಕಡೆಯಿಂದ್ಲೇ ಬಳಿಸ್ತೀನಿ."

ಉಜ್ಜಿನಪ್ಪ ಹೆಲ್ಮೆಟ್ಟು ತೆಗೆದು ಕೈಯಲ್ಲಿ ಹಿಡಿದಿದ್ದ.

"ಯಾಕ್ ಮಾಡ್ದಿಲೇ?"

"ಲಾರಿ ತಿರುವಾಕ ಜಾಗ ಸಾಲ್ತಿರಲಿಲ್ರಿ. ಅಗಲ ಆಗಲಿಲ್ಲಂದ್ರ ಯಾರ್ಡು ತೋರಣಗಲ್ಲಿನ ಕಡೆ ಒಯ್ತೀವಿ ಅಂದ್ರು ಕಂಪನಿಯವ್ರು."

"ಒಯ್ದ್ರ ಒಯ್ಲಿ. ನಿಂಗ ಹೊಲ ಐತಲ್ಲ?"

"ಐತ್ರಿ." ಉಜ್ಜಿನಪ್ಪ ಕೊರಳ ಸೀಟಿ ಮುಟ್ಟಿಕೊಂಡ. "ಹೊಲದಾಗ ಇದ್ದಷ್ಟು ದಿನ ನನ್ನ ಮಾತಿಗೆ ಒಂದು ನಾಯಿ ನಿಂತಿಲ್ರಿ. ಈಗ ಸೀಟಿ ಊದಿದ್ರ ಹತ್ತು ಗಾಲಿ ಲಾರಿ ನಿಲ್ತಾವ."

ಠಾಣೆಯಲ್ಲಿ ಗಾದಿಲಿಂಗಪ್ಪ ಬಂಧನದ ಪತ್ರ ತುಂಬುತ್ತ, "ಉದ್ಯೋಗ ಒಕ್ಕಲುತನ, ಹೌದಲ್ಲ?" ಎಂದು ಕೇಳಿದ.

"ಯಾರ್ಡ್ ಸೂಪರ್‌ವೈಸರ್ ಅಂತ ಬರೀರಿ," ಎಂದ ಉಜ್ಜಿನಪ್ಪ, ತಲೆ ಎತ್ತದೆ.

ಶಂಭುಲಿಂಗ ಬೈಯಲು ಬಾಯಿ ತೆರೆದವನು ಮುಚ್ಚಿಕೊಂಡ.

"ಹಂಗ ಬರಿ," ಎಂದ.