ಉಂಗುರದ ಸದ್ದು

"ಸ್ವಲ್ಪ ಆ ಕಡೆ ಸರೀತೀರಾ? ನೀವು ಕೂತಿರೋ ಜಾಗದಲ್ಲಿ ಏನೋ ಇದೆ."

ಅವಳು ತಲೆ ಎತ್ತಿದಳು. ಉದ್ದ ಕೋಲಿನ ತುದಿಗೆ ತಟ್ಟೆ ಸಿಕ್ಕಿಸಿದಂಥ ಯಂತ್ರ ಹಿಡಿದು ಒಬ್ಬ ನಿಂತಿದ್ದ. ಆ ತಟ್ಟೆ ಅವಳ ಬಲಗಾಲಿನ ಹತ್ತಿರ ಬಂದಾಗಲೆಲ್ಲ ಯಂತ್ರ ಕುಂಯ್ ಎನ್ನುತ್ತಿತ್ತು.

ಆ ಸಂಜೆ ಅವಳಿಗೆ ಯಾರ ಮಾತೂ ಬೇಕಿರಲಿಲ್ಲ. ಮಧ್ಯಾಹ್ನ ಸಂಬಂಧದ ಮಾತಿಗೆ ಬಂದಿದ್ದ ಹುಡುಗನ ತಾಯಿ, "ಕಾಲು ಒಂದ್ಸಲ ತೋರಿಸಮ್ಮ, ನೋಡ್ಬಿಡೋಣ" ಎಂದಿದ್ದಳು. ಅವಳು ಬಾಯಿ ತೆರೆಯುವ ಮೊದಲೇ ಚಿಕ್ಕಮ್ಮ ಬಗ್ಗಿ ಬಟ್ಟೆ ಮೇಲೆತ್ತಿ, ಅಂಗಡಿಯಲ್ಲಿ ಬಟ್ಟೆಯ ಥಾನು ಬಿಚ್ಚಿ ತೋರಿಸುವ ಹಾಗೆ ತೋರಿಸಿದ್ದಳು. ಹೊಲಿಗೆ ಹಾಕಿದ ಗುರುತು ನೋಡಿ ಅವರು ಮುಖ ಮುಖ ನೋಡಿಕೊಂಡು ಎದ್ದುಹೋಗಿದ್ದರು. ಅವರ ಗಾಡಿ ತಿರುವು ದಾಟುವುದರೊಳಗೆ ಇವಳು ಸಮುದ್ರದ ದಂಡೆಗೆ ಬಂದು ಕೂತಿದ್ದಳು.

ಅವಳು ಒಂಚೂರು ಸರಿದಳು. ಅವನು ಮಂಡಿಯೂರಿ ಅಗೆಯತೊಡಗಿದ. ಮೊಣಕೈವರೆಗೂ ಮರಳಿಗೆ ಇಳಿದ. ತಟ್ಟೆ ಹಿಡಿದರೆ ಮತ್ತೆ ಕುಂಯ್. ಮತ್ತೆ ಅಗೆದ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕಿತು.

ಅಗೆಯಲಿ... ಇವತ್ತು ಯಾರಾದರೂ ಒಬ್ಬರು ಕಷ್ಟಪಡಲಿ, ಎಂದುಕೊಂಡಳು ಅವಳು.

"ಸಿಕ್ತಾ?"

"ಇಲ್ಲ. ಆದ್ರೆ ಇದೆ. ಮೆಷಿನ್ ಸುಳ್ಳು ಹೇಳಲ್ಲ."

"ಹೇಳಲ್ಲ. ನೀವು ಸಮುದ್ರದ ಆಚೆವರೆಗೂ ಅಗೆದ್ರೂ ಸಿಗಲ್ಲ ಅಷ್ಟೇ. ಅದು ನನ್ನ ಕಾಲೊಳಗಿದೆ. ಬಸ್ಸು ಕಾಲ ಮೇಲೆ ಹತ್ತಿದಾಗ ಡಾಕ್ಟ್ರು ಹಾಕಿದ ರಾಡು."

ಈಗ ಇವನು 'ಅಯ್ಯೋ ಪಾಪ' ಎನ್ನುತ್ತಾನೆ ಎಂದು ಹಲ್ಲು ಕಚ್ಚಿ ಕಾದಳು. ಅವನು ತಟ್ಟೆಯನ್ನು ನಿಧಾನಕ್ಕೆ ಹತ್ತಿರ ತಂದು, ಕಿವಿಗೊಟ್ಟು ಕೇಳಿದ.

"ಟೈಟಾನಿಯಂ. ಕಬ್ಬಿಣ ಆಗಿದ್ರೆ ಗೊರಗೊರ ಅಂತಿತ್ತು. ಇದು ಒಳ್ಳೇ ಸದ್ದು."

ಆ ಕಾಲಿನ ವಿಷಯದಲ್ಲಿ ಯಾರ ಬಾಯಿಂದಲೂ 'ಒಳ್ಳೇದು' ಎಂಬ ಮಾತನ್ನು ಅವಳು ಕೇಳಿರಲಿಲ್ಲ. ನಗು ಬಂದುಬಿಟ್ಟಿತು.

ಅವನು ಗುಂಡಿ ಮುಚ್ಚುತ್ತಾ, "ಮುಚ್ಚದೆ ಹೋದ್ರೆ ಯಾರಾದ್ರೂ ಬಿದ್ದು ಕಾಲು ಮುರ್ಕೋತಾರೆ" ಎಂದವನು ನಾಲಿಗೆ ಕಚ್ಚಿಕೊಂಡ. ಅವಳು ಇನ್ನೂ ಜೋರಾಗಿ ನಕ್ಕಳು.

ಚಿಕ್ಕಮ್ಮನ ಹೊಲಿಗೆ ಅಂಗಡಿಯ ಎದುರಿನ ರಿಪೇರಿ ಅಂಗಡಿಗೆ ಹೊಸದಾಗಿ ಸೇರಿದವನು ಅವನೇ ಎಂದು ಮರುದಿನ ಗೊತ್ತಾಯಿತು. ಮಾತು ಕಮ್ಮಿ, ಅದಕ್ಕೇ ಬೀದಿಯವರು ತಮಾಷೆಗೆ ಅವನಿಗೆ ರೇಡಿಯೋ ಎಂದು ಹೆಸರಿಟ್ಟಿದ್ದರು. ಅವನು ಅವಳನ್ನು ಟೈಲರ್ ಎಂದ. 'ನೀವು' ಹೋಗಿ 'ನೀನು' ಬರಲು ಹೆಚ್ಚು ಕಾಲ ಹಿಡಿಯಲಿಲ್ಲ.

ಮಾಲೀಕರು ಮಾರಾಟಕ್ಕೆ ತರಿಸಿದ ಮೆಟಲ್ ಡಿಟೆಕ್ಟರುಗಳನ್ನು ಪರೀಕ್ಷಿಸುವುದು ರೇಡಿಯೋನ ಕೆಲಸ. ಅದಕ್ಕೊಂದು ಪದ್ಧತಿಯಿತ್ತು. ದಂಡೆಯಲ್ಲಿ ನಾಲ್ಕು ಕಡ್ಡಿ ನೆಟ್ಟು, ಆ ಚೌಕದೊಳಗೆ ಗೊತ್ತಿರುವ ವಸ್ತು ಹೂತು, ಯಂತ್ರ ಅದನ್ನು ಹಿಡಿಯುತ್ತದೆಯೋ ಇಲ್ಲವೋ ನೋಡುವುದು. ರಜೆಯ ಸಂಜೆಗಳಲ್ಲಿ ಅವಳು ಹೂಳುತ್ತಿದ್ದಳು, ಅವನು ಹುಡುಕುತ್ತಿದ್ದ. ಕೀಲಿ, ಚಮಚ, ಒಮ್ಮೆ ಚಿಕ್ಕಮ್ಮನ ಕತ್ತರಿ. ಹೊಲಿಯುವಾಗ ಅವಳು ಬೆರಳಿಗೆ ಹಾಕುತ್ತಿದ್ದ ಪುಟ್ಟ ಲೋಹದ ಟೊಪ್ಪಿ, ಆ ಅಂಗುಸ್ತಾನ, ಒಂದು ಸಂಜೆ ಹೂತದ್ದು ಸಿಗಲೇ ಇಲ್ಲ. ಕಳೆದುಹಾಕಿದ್ದಕ್ಕೆ ಚಿಕ್ಕಮ್ಮನಿಂದ ಮಂಗಳಾರತಿಯಾಯಿತು.

ಅವನು ಅವಳಿಗೂ ಯಂತ್ರ ಕಲಿಸಿದ. ಕಬ್ಬಿಣದ್ದು ಗೊರಗೊರ. ನಾಣ್ಯದ್ದು ಗಂಟೆ ಬಾರಿಸಿದಂತೆ. ಮಿಠಾಯಿ ಸುತ್ತಿದ ಬೆಳ್ಳಿ ಕಾಗದ, ಡಬ್ಬಿಯ ಮುಚ್ಚಳದ ಚೂರು, ಇಂಥ ಕಸದ್ದೆಲ್ಲ ಸಣ್ಣಗೆ ಕುಂಯ್.

"ಕಸ ಜಾಸ್ತಿ ಇದ್ರೆ ಈ ಬಟನ್ ಒತ್ತು. ಆ ಸಣ್ಣ ಸದ್ದು ಬಾಯಿ ಮುಚ್ಕೊಳ್ಳುತ್ತೆ."

ಒಂದು ಮಾತನ್ನು ಮಾತ್ರ ಹೇಳಲು ಮರೆತ. ಚಿನ್ನದ ಉಂಗುರವೂ ಅದೇ ದನಿಯಲ್ಲಿ ಕುಂಯ್ ಎನ್ನುತ್ತದೆ. ತನಗೆ ಗೊತ್ತಿರುವುದು ಲೋಕಕ್ಕೆಲ್ಲ ಗೊತ್ತಿರುತ್ತದೆ ಎಂದುಕೊಳ್ಳುವ ಕಸುಬಿನವರ ಮರೆವು ಅದು.

ಒಂದು ಸಂಜೆ ಅವನು ಯಂತ್ರವನ್ನು ಅವಳ ಕೈಗೆ ಕೊಟ್ಟ.

"ಇವತ್ತು ಹೂತಿರೋನು ನಾನು. ಹುಡುಕೋಳು ನೀನು. ನಾನು ಆ ಮೆಟ್ಟಿಲ ಮೇಲೆ ಕೂತಿರ್ತೀನಿ. ಸಿಕ್ಕಿದ್ದು ಇಷ್ಟ ಆದ್ರೆ ಇಟ್ಕೊ. ಬೇಡ ಅಂದ್ರೆ ಮರಳು ಮುಚ್ಚಿ ಬಂದ್ಬಿಡು. ನಾನು ಯಾವತ್ತೂ ಕೇಳಲ್ಲ ಟೈಲರ್, ಮಾತು ಕೊಡ್ತೀನಿ."

ಏನಿರಬಹುದು ಎಂದು ಊಹಿಸದಷ್ಟು ದಡ್ಡಿಯೇನಲ್ಲ ಅವಳು!

ಆದರೆ ಯಂತ್ರ ಹಿಡಿದು ನಡೆದರೆ ಅವಳ ಕಾಲೇ ಅಡ್ಡ. ತಟ್ಟೆ ಬಲಕ್ಕೆ ಬಂದಾಗಲೆಲ್ಲ ಕುಂಯ್, ಕುಂಯ್. ಮೆಟ್ಟಿಲ ಮೇಲಿಂದ ಅವನು ನೋಡುತ್ತಿದ್ದಾನೆ. ಇವತ್ತು ಒಂದು ದಿನವಾದರೂ ಈ ಹಾಳು ಕಾಲು ಸುಮ್ಮನಿರಬಾರದೇ... ಅವಳು ಬಟನ್ ಒತ್ತಿದಳು. ಕಾಲು ಸುಮ್ಮನಾಯಿತು.

ಚಿನ್ನವೂ ಸುಮ್ಮನಾಯಿತು.

ಚೌಕದ ಈ ತುದಿಯಿಂದ ಆ ತುದಿಗೆ ನಡೆದಳು. ಉಂಗುರದ ನೆತ್ತಿಯ ಮೇಲೆಯೇ ತಟ್ಟೆ ಹಾಯಿಸಿ ನಡೆದಳು. ಮತ್ತೆ ನಡೆದಳು. ಕಾಲು ನೋವಿಗೆ ಸೆಳೆಯತೊಡಗಿತು. ಅಲ್ಲಿ ಏನೂ ಇಲ್ಲ ಎಂದು ನಿಧಾನಕ್ಕೆ ಮನಸ್ಸಿಗೆ ಇಳಿಯಿತು. ಮೆಟ್ಟಿಲ ಕಡೆ ನೋಡಿದಳು. ಅವನ ಪಕ್ಕ ಅವನ ಅಂಗಡಿಯ ಇಬ್ಬರು ಬಂದು ಕೂತಿದ್ದರು, ಏನಕ್ಕೋ ನಗುತ್ತಿದ್ದರು.

ಓ... ಕುಂಟಿಯನ್ನು ಮರಳಲ್ಲಿ ನಡೆಸಿ ನೋಡುವ ಆಟ!

ಅವಳು ಬಗ್ಗಿ ನಾಲ್ಕೂ ಕಡ್ಡಿ ಕಿತ್ತು ನೀರಿಗೆ ಎಸೆದಳು. ತುಳಿದ ಮರಳನ್ನು ಕಾಲಿಂದ ಸಮ ಮಾಡಿದಳು. ಮೆಟ್ಟಿಲ ಹತ್ತಿರ ಬಂದು ಯಂತ್ರವನ್ನು ಅವನ ಕೈಗಿಟ್ಟು, ಮುಖ ನೋಡದೆ ಹೊರಟುಹೋದಳು.

ಅವಳು ಬಗ್ಗಿದ್ದು, ಮರಳು ಮುಚ್ಚಿದ್ದು ಅಷ್ಟೇ ಅವನಿಗೆ ಕಂಡದ್ದು. ಕೇಳುವುದಿಲ್ಲ ಎಂದು ಮಾತು ಕೊಟ್ಟಿದ್ದ, ಕೇಳಲಿಲ್ಲ. ಆ ಯಂತ್ರವನ್ನು ಹಾಗೇ ಗಾಜಿನ ಬೀರುವಿಗೆ ಸೇರಿಸಿದ. ಉಂಗುರವನ್ನು ಅಗೆದು ತರಲೂ ಮನಸ್ಸು ಬರಲಿಲ್ಲ.

ಎದುರುಬದುರು ಅಂಗಡಿ. ಇಬ್ಬರೂ ದಿನವಿಡೀ ಒಬ್ಬರನ್ನೊಬ್ಬರು ನೋಡದೆ ಇರುವುದನ್ನು ಅಭ್ಯಾಸ ಮಾಡಿಕೊಂಡರು.

ಡಿಟೆಕ್ಟರುಗಳಿಗೆ ಕ್ಯಾನ್ವಾಸ್ ಚೀಲ ಹೊಲಿಯುವ ಕೆಲಸ ಚಿಕ್ಕಮ್ಮನಿಗೆ ಬಂದಿತ್ತು. ಚೀಲ ತಲುಪಿಸಲು ಅವಳು ಬೀದಿ ದಾಟಿ ಹೋದಾಗ ಅಲ್ಲಿ ಗಿರಾಕಿಗಳ ಗುಂಪಿತ್ತು. ರೇಡಿಯೋ ಬೇರೊಂದು ಯಂತ್ರ ಹಿಡಿದು ವಿವರಿಸುತ್ತಿದ್ದ.

"ದಪ್ಪ ವಸ್ತುವಿನ ಒಳಗಿದ್ರೂ ಹಿಡಿಯುತ್ತಾ?" ಎಂದ ಒಬ್ಬ ಗಿರಾಕಿ.

ಅವನು ಅವಳನ್ನು ನೋಡಿದ. ಅಷ್ಟು ದಿನ ನುಂಗಿಕೊಂಡದ್ದು ಅವನ ಮುಖದಲ್ಲಿ ಕಪ್ಪಾಗಿ ಎದ್ದು ಬಂತು. ತಟ್ಟೆಯನ್ನು ಎತ್ತಿ ಅವಳ ಬಲಗಾಲಿಗೆ ಹಿಡಿದ.

ಕುಂಯ್.

"ಬಟ್ಟೆ, ಚರ್ಮ, ಮಾಂಸ. ಎಲ್ಲದರ ಒಳಗಿಂದ್ಲೂ ಹಿಡಿಯುತ್ತೆ. ಇದಕ್ಕಿಂತ ಒಳ್ಳೇ ಸ್ಯಾಂಪಲ್ ಬೇಕಾ?"

ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಅವಳ ಕಿವಿ ಕಾದುಹೋಯಿತು. ಆದರೂ ಕದಲಲಿಲ್ಲ. ಚೀಲಗಳನ್ನು ಮೇಜಿನ ಮೇಲಿಟ್ಟು ಕಾಲನ್ನು ಇನ್ನಷ್ಟು ಮುಂದೆ ಚಾಚಿದಳು.

"ಇನ್ನೊಂದ್ಸಲ ತೋರ್ಸು. ಹಿಂದೆ ನಿಂತಿರೋರಿಗೆ ಕೇಳಿಸಿಲ್ಲ."

ನಗು ನಿಂತಿತು. ಅವನ ಕೈಯಲ್ಲಿ ಯಂತ್ರ ಇಳಿದುಹೋಯಿತು. ಅವಳು ಬೀದಿ ದಾಟಿ ಹೊಲಿಗೆ ಅಂಗಡಿಗೆ ಮರಳಿದಳು.

"ಆ ಕಾಲು ನೋಡಿ ಹೋದೋರು ಮತ್ತೆ ಹೇಳಿ ಕಳ್ಸಿದ್ದಾರೆ" ಎಂದಳು ಚಿಕ್ಕಮ್ಮ, ನೂಲು ಕಡಿಯುತ್ತಾ. "ಬೇರೆ ಎಲ್ಲೂ ಕುದುರಿಲ್ವಂತೆ. ತೂತಿರೋ ಬಟ್ಟೆಗೆ ನಾವೂ ಜಾಸ್ತಿ ಬಿಗುಮಾನ ಮಾಡಬಾರದು. ಏನಂತೀಯ?"

"ಹೂಂ ಅನ್ನಿ."

ಅಳು ಬರಲಿಲ್ಲ. ಹೊಲಿಗೆ ಯಂತ್ರದ ಮುಂದೆ ಕೂತು ರವಿಕೆಯ ತೋಳು ಬಿಚ್ಚಿ ಮತ್ತೆ ತಪ್ಪಾಗಿಯೇ ಹೊಲಿದಳು. ಒಳ್ಳೇ ಸದ್ದು ಅಂದಿದ್ದನಲ್ಲ... ಅದೇ ಬಾಯಿ!

ಕೆಲವು ದಿನಗಳ ಮೇಲೆ ಅವನು ಹೊಲಿಗೆ ಅಂಗಡಿಯ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಆ ಹಳೆಯ ಸಂಜೆಯ ಯಂತ್ರ.

"ಗಿರಾಕಿಗೆ ತೋರ್ಸೋಕೆ ಬೀರುವಿಂದ ತೆಗ್ದೆ. ಕೊನೇ ಸಲ ಹೇಗೆ ಇಟ್ಟಿದ್ರೋ ಹಾಗೇ ಆನ್ ಆಗುತ್ತೆ ಇದು. ಸಣ್ಣ ಸದ್ದು ಆಫ್ ಆಗಿದೆ. ಆವತ್ತು... ನೀನು ಆ ಬಟನ್ ಒತ್ತಿದ್ಯಾ?"

"ಒತ್ತಿದ್ದೆ. ನನ್ನ ಕಾಲು ಅರಚ್ತಾ ಇತ್ತು."

ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ. "ಚಿನ್ನಾನೂ ಅದೇ ಸದ್ದು ಮಾಡುತ್ತೆ ಟೈಲರ್. ನಾನು ಹೂತಿದ್ದು ಉಂಗುರ. ನೀನು ನೋಡಿ, ಬೇಡ ಅಂತ ಮುಚ್ಚಿಬಂದೆ ಅಂದ್ಕೊಂಡೆ."

ಕೈಲಿದ್ದ ಬಟ್ಟೆ ಅವಳ ಮಡಿಲಿಗೆ ಬಿತ್ತು. ಇತ್ತು... ಅಲ್ಲಿ ಇತ್ತು. ನಾನು ಅದರ ಮೇಲೆಯೇ ನಡೆದೆ. ನನ್ನ ಕಾಲಿಗೆ ನಾಚಿ ನಾನೇ ಅದರ ಬಾಯಿ ಮುಚ್ಚಿದೆ.

ಅವಳು ಎದ್ದಳು. "ಚಿಕ್ಕಮ್ಮ, ಅವರಿಗೆ ಬೇಡ ಅಂತ ಹೇಳಿ ಕಳ್ಸಿ."

"ನಾಲ್ಕು ಜನರ ಮುಂದೆ ಮಾನ ಕಳೆದೋನ ಹಿಂದೆ ಹೋಗ್ತೀಯಲ್ಲೇ, ನಾಚ್ಕೆ ಇಲ್ವಾ?"

"ನೀವು ಬಟ್ಟೆ ಎತ್ತಿ ತೋರ್ಸಿದ ದಿನವೇ ಅದು ಹೋಯ್ತು ಚಿಕ್ಕಮ್ಮ."

ದಂಡೆಯ ಆ ಜಾಗ ಗುರುತೇ ಸಿಗದಂತಾಗಿತ್ತು. ಅಲೆಗಳು ಮರಳನ್ನು ಕೊರೆದು ಬೇರೆಲ್ಲೋ ಗುಡ್ಡೆ ಹಾಕಿದ್ದವು. ಯಂತ್ರದ ಎಲ್ಲ ಸದ್ದುಗಳನ್ನೂ ಬಿಚ್ಚಿ ಅವನು ಹುಡುಕಿದ. ಮುಚ್ಚಳ ಸಿಕ್ಕಿತು, ಮೊಳೆ ಸಿಕ್ಕಿತು, ಬೆಳ್ಳಿ ಕಾಗದ ಎಷ್ಟೋ ಸಿಕ್ಕಿತು. ಪ್ರತಿ ಕುಂಯ್‌ಗೂ ಅವನು ನಾಯಿಯಂತೆ ಮರಳು ಬಗೆಯುವುದನ್ನು ಅವಳು ಕೂತು ನೋಡಿದಳು. ಅವನ ಬೆರಳ ತುದಿಯಲ್ಲಿ ರಕ್ತ ಬಂದಾಗಲೂ ಅವಳು ಸಾಕು ಎನ್ನಲಿಲ್ಲ.

"ಕಡ್ಡಿ ಕಿತ್ತೆಸೆದೋಳು ನಾನು" ಎಂದಳು ಕೊನೆಗೆ.

"ಅಂಗಡೀಲಿ ನಾನು ಮಾಡಿದ್ರ ಮುಂದೆ ಅದು ಏನೂ ಅಲ್ಲ."

"ಅಲ್ಲ. ಅದನ್ನ ನಾನು ಮರೆಯಲ್ಲ ರೇಡಿಯೋ. ಮುದುಕಿ ಆದ್ರೂ ಮರೆಯಲ್ಲ. ಜಗಳ ಆದಾಗೆಲ್ಲ ತೆಗೆದು ಆಡ್ತೀನಿ. ಅದು ಗೊತ್ತಿದ್ರೆ ಮಾತ್ರ ಮುಂದೆ ಮಾತಾಡು."

"ಮರೀಬೇಡ" ಎಂದ. "ನನಗೆ ನೀನು ಬೇಕು. ನೀನು ಬೇಡ ಅಂದೆ ಅಂದ್ಕೊಂಡಾಗ, ನನಗೆ ನೋವಾದಷ್ಟು ನಿನಗೂ ಆಗ್ಲಿ ಅನ್ನಿಸ್ತು. ಆಯ್ತು ಕೂಡ. ಆ ಸದ್ದು ಇನ್ನೂ ಕಿವೀಲಿದೆ."

ಅವನು ಜೇಬಿಂದ ಏನೋ ತೆಗೆದು ಅಂಗೈಯಲ್ಲಿ ಹಿಡಿದ. ಅವಳ ಅಂಗುಸ್ತಾನ.

"ಕಳ್ಳ. ಅದಕ್ಕೋಸ್ಕರ ಎಷ್ಟು ಬೈಸ್ಕೊಂಡೆ ಗೊತ್ತಾ?"

"ಉಂಗುರದ ಅಳತೆಗೆ ತಗೊಂಡಿದ್ದೆ. ವಾಪಸ್ ಕೊಡೋಕೆ ಮನಸ್ಸು ಬರ್ಲಿಲ್ಲ."

ಅವಳು ಬೆರಳು ಚಾಚಿದಳು. ಅವನು ಮರಳು ಒರೆಸಿ ತೊಡಿಸಿದ. ಆಗ ಅವಳಿಗೆ ಅಳು ಬಂತು, ಚಿಕ್ಕಮ್ಮ ಕಾಲು ತೋರಿಸಿದ ಆ ಮಧ್ಯಾಹ್ನದಿಂದ ಇಟ್ಟುಕೊಂಡದ್ದೆಲ್ಲ ಒಟ್ಟಿಗೆ ಬಂತು.

"ಉಂಗುರ ಸಿಗ್ದೇ ಹೋದ್ರೆ?" ಎಂದ ಅವಳ ಅಳು ಇಳಿದ ಮೇಲೆ.

"ಸಿಗೋವರೆಗೂ ಹುಡುಕ್ತೀಯ."

"ಒಬ್ಬನೇನಾ?"

ಅವಳು ಮೂಗು ಒರೆಸಿಕೊಂಡು, ಬಲಗಾಲನ್ನು ತಾನಾಗಿಯೇ ಆ ತಟ್ಟೆಯ ಹತ್ತಿರ ಚಾಚಿದಳು. ಯಂತ್ರ ಸಣ್ಣಗೆ ಕುಂಯ್ ಎಂದಿತು.

"ಉಂಗುರ ಹೀಗೇ ಕೂಗುತ್ತೆ ಅಂದೆಯಲ್ಲ. ನಾನಿಲ್ದೆ ನಿನಗೆ ಹೇಗೆ ಗೊತ್ತಾಗ್ಬೇಕು? ನಾನೂ ಬರ್ತೀನಿ."